ಮುಕ್ಕಾಲು ಕೆಜಿ ಮತ್ತು 0.750: ಆರನೇ ತರಗತಿ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಆರನೇ ತರಗತಿಯಲ್ಲಿ ಭಿನ್ನರಾಶಿ ಮುಗಿದು ದಶಮಾಂಶ ಶುರುವಾಗಿದೆ. ಕಳೆದ ವಾರ ನಾನೇ ತರಗತಿಗೆ ಹೋಗಿ ಒಂದು ಪ್ರಶ್ನೆ ಕೇಳಿದೆ. 0.5 ದೊಡ್ಡದೋ, 0.35 ದೊಡ್ಡದೋ? ಜಾಸ್ತಿ ಮಕ್ಕಳು 0.35 ಅಂದರು. "ಐದಕ್ಕಿಂತ ಮೂವತ್ತೈದು ದೊಡ್ಡದು ಅಲ್ವಾ ಮೇಡಂ?" ಅಂತ ಒಬ್ಬಳು ಕೇಳಿದಳು. ಅರ್ಧ ಕೆಜಿ ಸಕ್ಕರೆ ಜಾಸ್ತಿಯೋ, 350 ಗ್ರಾಂ ಜಾಸ್ತಿಯೋ ಅಂದಾಗ ಅದೇ ಮಕ್ಕಳು ತಟ್ಟನೆ ಸರಿ ಹೇಳಿದರು! ಅಂಗಡಿಯ ಲೆಕ್ಕ ಅವರಿಗೆ ಬರುತ್ತದೆ. ಪುಸ್ತಕದಲ್ಲಿರುವುದೂ ಅದೇ ಅಂತ ಇನ್ನೂ ಹೊಳೆದಿಲ್ಲ.

ಇಲ್ಲಿ ನಿಮ್ಮ ಸಹಾಯ ಬೇಕು. ನೀವು "ಮುಕ್ಕಾಲು ಕೆಜಿ ಟೊಮೆಟೊ ಕೊಡಿ" ಅನ್ನುತ್ತೀರಿ. ತೂಕದ ಮಿಷನ್ ಮೇಲೆ 0.750 ಅಂತ ಬರುತ್ತದೆ. ಮಗುವಿಗೆ ಅದನ್ನು ತೋರಿಸಿ. ಮುಕ್ಕಾಲು ಅಂದರೆ 3/4. ಮೂರನ್ನು ನಾಲ್ಕರಿಂದ ಭಾಗಿಸಿದರೆ 0.75. ಕೊನೆಯ ಸೊನ್ನೆಯಿಂದ ಸಂಖ್ಯೆಯ ಬೆಲೆ ಬದಲಾಗುವುದಿಲ್ಲ. ದಶಮಾಂಶದಿಂದ ಭಿನ್ನರಾಶಿಗೆ ವಾಪಸ್ ಬರುವಾಗ 0.75 ಅನ್ನು 75/100 ಅಂತ ಬರೆದು, ಮೇಲೆ ಕೆಳಗೆ ಎರಡನ್ನೂ 25ರಿಂದ ಭಾಗಿಸಿದರೆ ಮತ್ತೆ 3/4. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಆಣೆಯ ಲೆಕ್ಕ ಹೇಳಿಸಿ. ಆಗ ರೂಪಾಯಿಗೆ 16 ಆಣೆ. 1957ರಲ್ಲಿ ರೂಪಾಯಿಗೆ ನೂರು ಪೈಸೆ ಆಯಿತು, ಆದರೂ 25 ಪೈಸೆಯನ್ನು ಜನ ನಾಲ್ಕಾಣೆ ಅಂತಲೇ ಕರೆದರು. 4/16, 1/4, 0.25 ಮೂರೂ ಒಂದೇ.

1/3 ಮಾತ್ರ ಹೀಗೆ ಮುಗಿಯುವುದಿಲ್ಲ. ಪ್ರತಿ ಸಲ 1 ಶೇಷ ಉಳಿದು 0.333 ಅಂತ ಹೋಗುತ್ತಲೇ ಇರುತ್ತದೆ. ಮಗು ತಪ್ಪು ಮಾಡಿದೆ ಅಂತ ದಯವಿಟ್ಟು ಗದರಬೇಡಿ.

ಕೂಡುವಾಗ ಆಗುವ ತಪ್ಪು ಬೇರೆ. 1/2 + 1/4 ಅಂದರೆ ಮೇಲಿನದನ್ನೂ ಕೂಡಿ, ಕೆಳಗಿನದನ್ನೂ ಕೂಡಿ 2/6 ಅಂತ ಬರೆಯುತ್ತಾರೆ. ಸುಮ್ನೆ ಒಂದು ರೊಟ್ಟಿ ಮುರಿದು ಕೊಡಿ. ಅರ್ಧ ರೊಟ್ಟಿಗೆ ಕಾಲು ರೊಟ್ಟಿ ಸೇರಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತದಾ ಅಂತ ಕೇಳಿ. 2/6 ಅರ್ಧಕ್ಕಿಂತ ಕಡಿಮೆ ತಾನೇ? ಅರ್ಧವನ್ನು ಎರಡು ಕಾಲು ಮಾಡಿಕೊಂಡರೆ 2/4 + 1/4, ಮುಕ್ಕಾಲು. ಛೇದ (ಕೆಳಗಿನ ಸಂಖ್ಯೆ) ಸಮ ಮಾಡುವುದು ಅಂದರೆ ಇಷ್ಟೇ. ಭಾಗಾಕಾರಕ್ಕೆ ಹಾಲು ಸಾಕು. ಅರ್ಧ ಲೀಟರ್ ಹಾಲಿನಲ್ಲಿ ಕಾಲು ಲೀಟರಿನ ಲೋಟ ಎಷ್ಟು ತುಂಬುತ್ತದೆ? ಎರಡು. 1/2 ÷ 1/4 = 2.

ಈ ಭಾನುವಾರ ಸಂತೆಗೆ ಮಗುವನ್ನೂ ಕರೆದುಕೊಂಡು ಹೋಗಿ. ಯಾವುದಾದರೂ ಮೂರು ತೂಕವನ್ನು ಮಾತಿನಲ್ಲಿ, ಭಿನ್ನರಾಶಿಯಲ್ಲಿ, ದಶಮಾಂಶದಲ್ಲಿ ಬರೆಸಿ. ಸೋಮವಾರ ಆ ಚೀಟಿ ಕಳಿಸಿಕೊಡಿ. ಅವನ್ನೇ ಬೋರ್ಡ್ ಮೇಲೆ ಬರೆದು ಪಾಠ ಮಾಡುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ