ಯಾರೂ ಜೋಡಿಸದ ಪೊರೆ

ಗ್ರೋನಿಂಗನ್, ನೆದರ್‌ಲೆಂಡ್ಸ್

ತೀರ್ಥರೂಪರಾದ ಅಪ್ಪನಿಗೆ ನಮಸ್ಕಾರಗಳು.

ನಾನು ಕ್ಷೇಮ. ಅಮ್ಮ ಕಳಿಸಿದ ಚಟ್ನಿಪುಡಿ ಮುಗಿಯುತ್ತ ಬಂತು. ಕಂಪ್ಯೂಟರಿನಲ್ಲಿ ಅದೆಂಥ ರಸಾಯನಶಾಸ್ತ್ರ ಎಂದು ನೀವು ಫೋನಿನಲ್ಲಿ ಕೇಳಿದಿರಿ. ಸಾವಧಾನವಾಗಿ ಬರೆಯುತ್ತೇನೆ.

ನಾನು ನೋಡುವುದು ಲಿಪಿಡ್ ಅಣುಗಳನ್ನು. ನಮ್ಮ ಜೀವಕೋಶಗಳ ಪೊರೆ ಮುಖ್ಯವಾಗಿ ಆಗಿರುವುದು ಇವುಗಳಿಂದ. ಒಂದೊಂದಕ್ಕೂ ನೀರಿಗೆ ಒಗ್ಗುವ ತಲೆ, ನೀರಿಗೆ ಒಗ್ಗದ ಎರಡು ಬಾಲ. ಅವನ್ನು ನೀರಿನಲ್ಲಿ ಅಡ್ಡಾದಿಡ್ಡಿಯಾಗಿ ಹರಡಿ ಬಿಟ್ಟರೆ ಮೊದಲು ಅಲ್ಲಲ್ಲಿ ಗಂಟು ಕಟ್ಟುತ್ತವೆ, ಆಮೇಲೆ ಗಂಟುಗಳು ಕೂಡಿ ಹಾಳೆಯಾಗುತ್ತವೆ. ನಡುವೆ ನೀರು ತುಂಬಿದ ಒಂದು ತೂತು ಮಾತ್ರ ಹಠ ಹಿಡಿದು ಉಳಿಯುತ್ತದೆ. ಹೆಚ್ಚು ಹೊತ್ತು ಹಿಡಿಯುವುದು ಅದು ಮುಚ್ಚುವುದಕ್ಕೇ. ಮುಚ್ಚಿತೆಂದರೆ ಬಾಲಗಳೆಲ್ಲ ಒಳಗೆ, ತಲೆಗಳೆಲ್ಲ ಹೊರಗೆ. ಸುಮಾರು 4 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ದಪ್ಪದ ಎರಡು ಪದರದ ಪೊರೆ ಸಿದ್ಧ.

ಇದನ್ನು ಯಾರೂ ಜೋಡಿಸಲಿಲ್ಲ, ಅಪ್ಪ. ಮಾಡಿಸಿದ್ದು ನೀರು. ನೀರಿನ ಅಣುಗಳು ತಮ್ಮತಮ್ಮಲ್ಲೇ ಹೈಡ್ರೋಜನ್ ಬಂಧಗಳನ್ನು ಕಟ್ಟುತ್ತ, ಬಿಡಿಸುತ್ತ ಇರುತ್ತವೆ. ಬಾಲ ಎದುರಾದಲ್ಲಿ ಅದರ ಸುತ್ತ ಕಟ್ಟುಪಾಡಿನಲ್ಲಿ ನಿಲ್ಲಬೇಕಾಗುತ್ತದೆ. ಬಾಲಗಳು ಒತ್ತಟ್ಟಿಗೆ ಸೇರಿದಷ್ಟೂ ಆ ನೀರಿಗೆ ಬಿಡುಗಡೆ. ನೀರಿನ ಅಸ್ತವ್ಯಸ್ತತೆ ಹೆಚ್ಚಿದ್ದರಿಂದಲೇ ಪೊರೆಯ ಅಚ್ಚುಕಟ್ಟು ಹುಟ್ಟುತ್ತದೆ! ಎಷ್ಟು ಸಲ ಓದಿದ್ದರೂ ಪರದೆಯ ಮೇಲೆ ಪೊರೆ ಮೂಡುವಾಗ ಮೈ ಜುಮ್ಮೆನ್ನುತ್ತದೆ. ಅಮ್ಮ ಪಾತ್ರೆ ತೊಳೆಯುವಾಗ ಸೋಪು ಜಿಡ್ಡನ್ನು ಎತ್ತಿಕೊಳ್ಳುವುದೂ ಇದೇ ಕಾರಣಕ್ಕೆ.

ಒಂದೊಂದು ಅಣುವನ್ನೂ ಈ ವೇಗದಲ್ಲಿ ಹಿಂಬಾಲಿಸುವ ಸೂಕ್ಷ್ಮದರ್ಶಕವಿಲ್ಲ. ಲೆಕ್ಕವೇ ನಮಗೆ ಕಣ್ಣು. ಪ್ರತಿ ಪರಮಾಣುವಿನ ಮೇಲಿನ ಬಲವನ್ನು ಲೆಕ್ಕ ಹಾಕಿ, ನ್ಯೂಟನ್ ನಿಯಮದಂತೆ ಅದನ್ನು ತುಸು ಸರಿಸಿ, ಮತ್ತೆ ಲೆಕ್ಕ ಹಾಕಬೇಕು. ಒಂದು ಹೆಜ್ಜೆ ಸಾಮಾನ್ಯವಾಗಿ 2 ಫೆಮ್ಟೊಸೆಕೆಂಡ್. ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು, ಫೆಮ್ಟೊಸೆಕೆಂಡ್ ಅದರಲ್ಲೂ ಹತ್ತು ಲಕ್ಷದಲ್ಲೊಂದು ಪಾಲು. ಒಂದು ನ್ಯಾನೊಸೆಕೆಂಡ್ ದಾಟಲು 5 ಲಕ್ಷ ಹೆಜ್ಜೆ. ಆದ್ದರಿಂದಲೇ ಈ ಊರಿನಲ್ಲಿ ರೂಪುಗೊಂಡ ಮಾರ್ಟಿನಿ ಮಾದರಿಯಲ್ಲಿ ಹೈಡ್ರೋಜನ್ ಬಿಟ್ಟು ಸುಮಾರು 4 ಪರಮಾಣುಗಳನ್ನು ಒಂದೇ ಮಣಿಯೆಂದು ಎಣಿಸುತ್ತೇವೆ. ಸೂಕ್ಷ್ಮ ವಿವರ ಕಳೆದುಕೊಂಡರೂ ಲೆಕ್ಕ ಬೇಗ ಸಾಗುತ್ತದೆ. ನಿಮಗೆ ಹಿಡಿಸುವ ಸಂಗತಿಯೊಂದಿದೆ: ದ್ರವದ ಚಲನೆಯನ್ನು ಹೀಗೆ ಲೆಕ್ಕ ಹಾಕಿ 1964ರಲ್ಲೇ ದಾರಿ ತೋರಿದವರು ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್. ಅವರು ತೆಗೆದುಕೊಂಡದ್ದು 864 ಆರ್ಗಾನ್ ಪರಮಾಣುಗಳನ್ನು.

ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಯನ್ನು ಕೋಶದೊಳಕ್ಕೆ ಹೊತ್ತೊಯ್ದದ್ದೂ ಲಿಪಿಡ್‌ಗಳು ಕೂಡಿ ಆದ ನ್ಯಾನೊ ಕಣಗಳೇ. ಹಾಗಾಗಿ ಇದು ಬರೀ ಪರದೆಯ ಆಟವೆಂದು ದಯವಿಟ್ಟು ತಿಳಿಯಬೇಡಿ.

ಈ ಕೆಲಸಕ್ಕೆ ಬೆಂಗಳೂರಿನಲ್ಲೂ ನೆಲೆಯಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರಕ್ಕೂ ಭಾರತೀಯ ವಿಜ್ಞಾನ ಸಂಸ್ಥೆಗೂ ಅರ್ಜಿ ಹಾಕುತ್ತಿದ್ದೇನೆ. ಸಂಸ್ಥೆಯಲ್ಲಿ ಸಿಕ್ಕರೆ ಮಲ್ಲೇಶ್ವರದ ಮನೆಯಿಂದ ನಡೆದೇ ಹೋಗಬಹುದು. ಅಮ್ಮನಿಗೆ ಈಗಲೇ ಹೇಳಬೇಡಿ, ಅಂದಿನಿಂದಲೇ ದಿನ ಎಣಿಸಲು ಶುರು ಮಾಡುತ್ತಾಳೆ.

ಇಂತಿ ನಿಮ್ಮ ಮಗಳು,
ಸುಮಾ