ಎಲ್ಲರಿಗೂ, ಅತ್ತಿಗೆಗೆ ಸ್ವಲ್ಪ ಜಾಸ್ತಿ

ಮನೆಗೆ ಬಂದಿದ್ದೇನೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿಲ್ಲ. ಕಡುಕಂದು ಬಣ್ಣಕ್ಕೆ ತಿರುಗಿದ್ದ ಮೂತ್ರ ತಿಳಿಯಾಗಿದೆ. ಇದನ್ನೆಲ್ಲ ಇಲ್ಲಿ ಬರೀಬೇಕಾ ಅನ್ನಬೇಡಿ, ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಅದನ್ನೇ ನೋಡಿ ಹೆದರಿದವನು ನಾನು.

ನನ್ನ ಹೃದಯಕ್ಕೆ ಹಾಕಿದ್ದ ಕೃತಕ ವಾಲ್ವಿನ ಪಕ್ಕ ಸಂದಿ ಬಿಟ್ಟುಕೊಂಡು ರಕ್ತ ಸೋರುತ್ತಿದ್ದ ಕಥೆ ನಿಮಗೆಲ್ಲ ಗೊತ್ತೇ ಇದೆ. ಮತ್ತೆ ಎದೆ ತೆರೆಯದೆ ತೊಡೆಯ ರಕ್ತನಾಳದಿಂದಲೇ ಹೋಗಿ ಆ ಸಂದಿ ಮುಚ್ಚುವ ಪ್ಲಗ್ ಕೂರಿಸಿದ ಡಾಕ್ಟರಿಗೆ, ಅನ್ನನಾಳದೊಳಗೆ ಇಳಿಸಿದ ಎಕೋದಲ್ಲಿ (ಹೃದಯದ ಸ್ಕ್ಯಾನ್) ದಾರಿ ತೋರಿಸಿದವರಿಗೆ, ನರ್ಸ್‌ಗಳಿಗೆ, ಆ ಸಂದಿಯಲ್ಲಿ ನುಗ್ಗಿ ನನ್ನ ಕೆಂಪು ರಕ್ತಕಣಗಳು ಒಡೆದುಹೋಗುತ್ತಿದ್ದಾಗ ನನಗಾಗಿ ರಕ್ತ ಕೊಟ್ಟ ಗೆಳೆಯರಿಗೆ, ನನ್ನ ಕೆಲಸ ಹಂಚಿಕೊಂಡ ಆಫೀಸಿನವರಿಗೆ ತುಂಬಾ ಥ್ಯಾಂಕ್ಸ್. ಮೊದಲು ಕೂರಿಸಿದ ಪ್ಲಗ್ ವಾಲ್ವಿನ ತೆರೆದು ಮುಚ್ಚುವ ಎಲೆಗೆ ತಾಗುತ್ತಿದೆ ಅಂತ ಕಂಡು, ಅದನ್ನು ಅಲ್ಲೇ ಬಿಡುವ ಮುಂಚೆಯೇ ವಾಪಸ್ ಎಳೆದುಕೊಂಡು ಬೇರೆ ಅಳತೆಯದು ಹಾಕಿದರಂತೆ. ಆ ತಾಳ್ಮೆಗೆ ಕೈ ಮುಗಿಯುತ್ತೇನೆ.

ಇನ್ನು ಅತ್ತಿಗೆ.

ಅಡ್ಮಿಟ್ ಆದ ರಾತ್ರಿ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಮಲಗಿದರೆ ಮುಳುಗಿದ ಹಾಗೆ. ಊಟದ ಟೇಬಲ್ಲನ್ನು ಹಾಸಿಗೆಗೆ ಅಡ್ಡ ಎಳೆದು, ಅದರ ಮೇಲೆ ದಿಂಬಿಟ್ಟು, ನನ್ನ ಹಣೆಯನ್ನು ಅದಕ್ಕೆ ಆನಿಸಿದವರು ಅತ್ತಿಗೆ. ನೀರಿಳಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಪ್ರತಿ ಸಲವೂ ಮೂತ್ರದ ಬಾಟಲಿ ಹಿಡಿದು, ಎಷ್ಟು ಹೋಯಿತು ಅಂತ ಚೀಟಿಯಲ್ಲಿ ಬರೆದಿಟ್ಟವರೂ ಅವರೇ. ನಾನು ಮುಖ ತಿರುಗಿಸಿಕೊಂಡೆ. "ಎರಡು ಮಕ್ಕಳನ್ನ ಸಾಕಿದೀನಿ ಕಣೋ, ಸುಮ್ನಿರು" ಅಂದರು. ನಡುನಡುವೆ ನನ್ನ ಬೆನ್ನಿಗೆ ಕಿವಿಯಿಟ್ಟು ವಾಲ್ವಿನ ಟಿಕ್ ಟಿಕ್ ಕೇಳುತ್ತಿದ್ದರು. ಅದರಿಂದ ಅವರಿಗೇನು ಗೊತ್ತಾಗುತ್ತಿತ್ತೋ, ನನಗಂತೂ ಸಮಾಧಾನವಾಗುತ್ತಿತ್ತು.

ಬೆಳಗಿನ ಜಾವ ನಾನು "ಸಾಕು ಅತ್ತಿಗೆ, ನನ್ನನ್ನ ಬಿಟ್ಟುಬಿಡಿ" ಅಂದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಷ್ಟು ಸೋತಿದ್ದೆ. ಎಲ್ಲ ಸರಿಹೋಗತ್ತೆ ಅಂತ ಅವರು ಅನ್ನಲಿಲ್ಲ. ಬೈಯಲೂ ಇಲ್ಲ. "ಬೆಳಗಾಗಲಿ, ಆಮೇಲೆ ನೋಡೋಣ" ಅಂದು ಬೆನ್ನು ಸವರುತ್ತಾ ಕೂತರು. ನನಗೆ ಆಗ ಅದಕ್ಕಿಂತ ದೊಡ್ಡ ಮಾತು ತಡೆದುಕೊಳ್ಳೋಕೆ ಆಗುತ್ತಿರಲಿಲ್ಲ.

ಸಣ್ಣದೊಂದು ಲೀಕ್ ಉಳಿದಿದೆ. ಸದ್ಯಕ್ಕೆ ತೊಂದರೆ ಇಲ್ಲ, ಎಕೋ ಮತ್ತು ರಕ್ತಪರೀಕ್ಷೆ ಮಾಡಿಸ್ತಾ ಇರಿ ಅಂದಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಹೇಗೂ ಜೀವನಪೂರ್ತಿ. ನೋಡೋಕೆ ಬರ್ತೀವಿ ಅಂತ ಕೇಳುತ್ತಿದ್ದವರೆಲ್ಲ ಈಗ ಬನ್ನಿ. ನೆಗಡಿ, ಜ್ವರ ಇರುವವರು ಮಾತ್ರ ವಾಸಿಯಾದ ಮೇಲೆ ಬನ್ನಿ.