ಮಿಡತೆಯ ಕಾವಡಿ ಬರೀ ತಾಯಿತವೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಾಚೀನ ರೋಮನ್ನರ ಉಂಗುರದ ಹರಳುಗಳ ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ಕಾವಡಿ ಹೊತ್ತು ಮನುಷ್ಯನಂತೆ ನಡೆಯುವ ಮಿಡತೆ, ಹುಂಜಗಳನ್ನು ಹೂಡಿದ ರಥ ಓಡಿಸುವ ಇಲಿ ಮುಂತಾದ ಚಿತ್ರಗಳನ್ನೆಲ್ಲ ದೃಷ್ಟಿ ನಿವಾರಣೆಯ ತಾಯಿತಗಳೆಂದು ಒಂದೇ ಮಾತಿನಲ್ಲಿ ಮುಗಿಸಿರುವುದು, ಶಿರಸಿಯಲ್ಲಿ ಚಿನ್ನದ ಕೆಲಸವನ್ನೇ ನಂಬಿ ಬದುಕಿರುವ ನನಗೆ ಸರಿ ಕಾಣಲಿಲ್ಲ.

ಕಾರ್ನೀಲಿಯನ್ ಎಂಬ ಕೆಂಪು ಕಲ್ಲು ಗಾಜಿಗಿಂತ ಗಟ್ಟಿ. ಹುಣಸೆ ಬೀಜದಷ್ಟು ದೊಡ್ಡದಾದ ಅದರ ಮೈಮೇಲೆ, ಕಮಾನಿನಿಂದ ತಿರುಗಿಸುವ ಬೈರಿಗೆ ಹಿಡಿದು, ಗಟ್ಟಿ ಕಲ್ಲಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಾ, ಮೇಣದ ಮೇಲೆ ಮುದ್ರೆಯಾಗಿ ಒತ್ತಿದಾಗ ಚಿತ್ರ ನೇರವಾಗಿ ಮೂಡಲೆಂದು ಎಡಬಲ ತಿರುವುಮುರುವಾಗಿ ಅಂದಿನ ಕುಶಲಕರ್ಮಿ ಕೊರೆಯುತ್ತಿದ್ದ. ಕೈ ಒಮ್ಮೆ ಜಾರಿದರೆ ಕಲ್ಲು ಕೆಟ್ಟಂತೆಯೇ. ಅಂಥ ಕಷ್ಟದಲ್ಲಿ ಮಿಡತೆಯ ಮೀಸೆಯನ್ನೂ ಬಿಡದೆ ಮೂಡಿಸಿದವನು ನಕ್ಕಿರಲಿಲ್ಲ ಎಂದರೆ ನಾನು ನಂಬಲಾರೆ. ದೃಷ್ಟಿಯ ಮಾತು ಪೂರ್ತಿ ಸುಳ್ಳೆನ್ನುತ್ತಿಲ್ಲ. ಹೊಸ ಮನೆಗೆ ಕಟ್ಟುವ ದೃಷ್ಟಿಬೊಂಬೆಗೆ ನಾವೂ ನಾಲಿಗೆ ಚಾಚಿಸಿ, ಮೀಸೆ ತಿರುವಿಸಿ, ನೋಡಿದವರು ನಗುವಂತೆಯೇ ಮಾಡುತ್ತೇವಲ್ಲ.

ಮುದ್ರೆಯ ಪ್ರಾಣಿಗಳನ್ನು ಕಂಡು ರೋಮನ್ನರು ನಗೆಯಾಡುತ್ತಿದ್ದರು ಎಂಬುದಕ್ಕೆ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸ್ಫೋಟದ ವೇಳೆ ತೀರಿಕೊಂಡ ರೋಮನ್ ಲೇಖಕ ಪ್ಲಿನಿಯೇ ಸಾಕ್ಷಿ. ರೋಮನ್ ಚಕ್ರವರ್ತಿ ಆಗಸ್ಟಸ್‌ನ ಆಪ್ತ ಮೆಸೀನಸ್‌ನ ಮುದ್ರೆಯಲ್ಲಿದ್ದದ್ದು ಒಂದು ಕಪ್ಪೆ; ಹಣ ವಸೂಲಿಯ ಓಲೆಗಳ ಮೇಲೆ ಅದು ಬರುತ್ತಿದ್ದುದರಿಂದ ಆ ಕಪ್ಪೆಯೆಂದರೆ ಜನರಿಗೆ ಎದೆ ನಡುಕ. ಹೆಣ್ಣಿನ ಮುಖ, ಸಿಂಹದ ಮೈಯುಳ್ಳ, ಒಗಟು ಕೇಳುವ ಪುರಾಣದ ಜೀವಿ ಸ್ಫಿಂಕ್ಸ್. ಆಗಸ್ಟಸ್‌ನ ಸ್ಫಿಂಕ್ಸ್ ಮುದ್ರೆಯ ಪತ್ರ ಬಂದರೆ, ‘ಸ್ಫಿಂಕ್ಸ್ ಒಗಟು ಹೊತ್ತು ತಂದಿದೆ’ ಎಂದು ಆಡಿಕೊಳ್ಳುತ್ತಿದ್ದರಂತೆ. ಆ ಮೂದಲಿಕೆ ತಾಳಲಾರದೆ ಆತ ಮುದ್ರೆಯನ್ನೇ ಬದಲಿಸಿದ.

ಅಲ್ಲದೆ, ಇಂಥ ಕೆತ್ತನೆಯ ಹರಳುಗಳು ದಿನನಿತ್ಯದ ಒಡವೆಗಳಾಗಿದ್ದವು. ವೇಲ್ಸ್‌ನ ಕೇರ್ಲಿಯನ್ನಿನಲ್ಲಿ ರೋಮನ್ ಸೈನಿಕರ ಸ್ನಾನಗೃಹದ ಚರಂಡಿಯೊಂದರಲ್ಲೇ 88 ಹರಳುಗಳು ಸಿಕ್ಕಿವೆ. ಬಿಸಿನೀರು, ಹಬೆಗೆ ಅಂಟು ಸಡಿಲಿ ಉದುರಿದವು ಅವು. ಅರಗು ತುಂಬಿದ ಉಂಗುರವನ್ನು ಬಚ್ಚಲಿಗೆ ಹೋಗುವ ಮುನ್ನ ತೆಗೆದಿಡಿ ಎಂದು ನಾವು ಇಂದಿಗೂ ಗಿರಾಕಿಗಳಿಗೆ ಹೇಳುತ್ತೇವೆ, ಕೇಳುವವರು ಕಡಿಮೆ.

ಮುಂದೆ ಇಂಥ ಲೇಖನ ಪ್ರಕಟಿಸುವಾಗ ಹರಳಿನ ಚಿತ್ರದ ಪಕ್ಕದಲ್ಲೇ ಅದನ್ನು ಮೇಣದ ಮೇಲೆ ಒತ್ತಿದ ಅಚ್ಚಿನ ಚಿತ್ರವನ್ನೂ ದೊಡ್ಡದಾಗಿ ಹಾಕಬೇಕೆಂದು ಕೋರುತ್ತೇನೆ. ಕಲ್ಲಿನಲ್ಲಿ ತಿರುವುಮುರುವಾಗಿ, ಮಸುಕಾಗಿ ಕಾಣುವ ಇಲಿಯ ಕೈಯ ಲಗಾಮು ಅಚ್ಚಿನಲ್ಲಷ್ಟೇ ಸ್ಪಷ್ಟವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಕ್ಕಸಾಲಿ, ಶಿರಸಿ